ಒಂದೇ ನೋವು, ಹಲವು ಹೆಸರು: ಫಿಸಿಯೋಥೆರಪಿಸ್ಟರು ಮತ್ತು ಸಂಶೋಧನೆಯ ಹುಡುಕಾಟ



ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಸಿಂಧನೂರು ಸೀಮೆಯಲ್ಲಿ ನೆಲೆ ಕೊಟ್ಟಾಗ ಆ ನೆಲೆಗಳು ಹೆಸರಿಗಿಂತ ನಂಬರಿನಿಂದಲೇ ಗುರುತಾದವು. ಪುನರ್ವಸತಿಯ ಗುರುತಾಗಿ ಎರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲೊಂದು ಅಂಕಿ: ಆರ್.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಈ ನೆಲದಲ್ಲಿ ಮನೆಯೊಳಗೆ ಬಂಗಾಲಿ, ಸಂತೆಯಲ್ಲಿ ಕನ್ನಡ, ಗದ್ದೆಯ ಬದುವಿನ ಮೇಲೆ ಎಷ್ಟೋ ಸಲ ತೆಲುಗು.

ಇಂಥ ಸೀಮೆಯ ಒಬ್ಬ ಫಿಸಿಯೋಥೆರಪಿಸ್ಟರ ಬಾಗಿಲಲ್ಲಿ, ಭತ್ತದ ನಾಟಿ ಜೋರಾಗಿರುವ ದಿನಗಳಲ್ಲಿ, ಮೂವರು ಹೆಣ್ಣುಮಕ್ಕಳು ಒಂದೇ ಬೆಂಚಿನ ಮೇಲೆ ಕೂತಿದ್ದಾರೆಂದು ಭಾವಿಸೋಣ. ಮೂವರೂ ಮೊಣಕಾಲುದ್ದ ಕೆಸರಲ್ಲಿ ನಿಂತು, ಬಾಗಿದ ಬೆನ್ನು ಎತ್ತದೆ, ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ಹಚ್ಚಿದವರು. ಒಬ್ಬರು ‘ಟೊಂಕ ಹಿಡ್ಕಂಡೈತ್ರಿ, ಹ್ವಾದ ವರ್ಷದ ನಾಟಿಯಿಂದ ಹಿಂಗೇ ಐತಿ’ ಎನ್ನುತ್ತಾರೆ. ಆಂಧ್ರದ ಕಡೆಯವರ ಕ್ಯಾಂಪಿನಿಂದ ಬಂದವರದು ‘ನಡುಮು ನೊಪ್ಪಿ’. ಆರ್.ಎಚ್. ಕ್ಯಾಂಪಿನವರದು ‘ಕೊಮರ್ ಬ್ಯಥಾ’. ಎರಡು ವಾರದ ಹಿಂದೆ ಶುರುವಾಗಿದೆ, ಎಡಗಾಲಿನ ತುದಿಯವರೆಗೂ ‘ಝಿನ್‌ಝಿನ್’ ಎನ್ನುತ್ತದೆ. ಮೊದಲಿನವರು ಕೇಳುವ ಪ್ರಶ್ನೆ: ‘ಕರೆಂಟ್ ಇಡ್ತೀರೇನ್ರಿ?’ ಕೊನೆಯವರದು: ‘ಮತ್ತ ನಾಟಿಗೆ ಹೋಗ್ಲೇನ್ರಿ, ಬ್ಯಾಡೇನ್ರಿ?’

ಜಗತ್ತಿನ ಯಾವ ವೈದ್ಯಕೀಯ ಡೇಟಾಬೇಸಿಗೂ ಟೊಂಕ ಗೊತ್ತಿಲ್ಲ, ನಡುಮು ಗೊತ್ತಿಲ್ಲ, ಝಿನ್‌ಝಿನ್ ಗೊತ್ತಿಲ್ಲ. ಆದರೆ ಈ ಮೂವರಿಗೂ ಒದಗಬಲ್ಲ ತಿಳಿವಳಿಕೆ ಅಲ್ಲೇ ಇದೆ. ಹುಡುಕಾಟವೆಂದರೆ ಹೊಳೆಯನ್ನು ಎರಡು ಸಲ ದಾಟುವ ಕೆಲಸ ಎಂಬುದು ನನ್ನ ವಾದ. ಒಮ್ಮೆ ರೋಗಿಯ ಮಾತಿನಿಂದ ಡೇಟಾಬೇಸಿನ ಮಾತಿಗೆ. ಮತ್ತೊಮ್ಮೆ ಅಲ್ಲಿ ಸಿಕ್ಕಿದ್ದನ್ನು ಹೊತ್ತು ರೋಗಿಯ ಬಳಿಗೆ. ಕಾಲೇಜುಗಳಲ್ಲಿ ನಾವು ಕಲಿಸುವುದು ಮೊದಲ ದಾಟುವಿಕೆಯನ್ನು, ಅದನ್ನೂ ಅರ್ಧದಷ್ಟು.

ಹೆಸರಿನ ಪ್ರಶ್ನೆಯಿಂದಲೇ ತೊಡಗುತ್ತೇನೆ. ಅದಕ್ಕೆ ದೂರ ಹೋಗಬೇಕಿಲ್ಲ, ಮಸ್ಕಿಯವರೆಗೆ ಹೋದರೆ ಸಾಕು. ನಾಡಿನ ನಾನಾ ಕಡೆ ಬಂಡೆಗಳ ಮೇಲೆ ಒಬ್ಬ ಅರಸನ ಆಜ್ಞೆಗಳು ಸಿಕ್ಕಿದ್ದವು. ಅವುಗಳಲ್ಲಿ ಆತ ತನ್ನನ್ನು ದೇವಾನಂಪ್ರಿಯ ಎಂದೋ ಪ್ರಿಯದರ್ಶಿ ಎಂದೋ ಕರೆದುಕೊಂಡಿದ್ದ. ಅವನೇ ಅಶೋಕನೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ 19ನೇ ಶತಮಾನದಲ್ಲೇ ಹೇಳಿದ್ದರು. ಕಲ್ಲಿನ ಸಾಕ್ಷಿ ಮಾತ್ರ ಬೇಕಾಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ದೇವಾನಂಪ್ರಿಯ ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಇತ್ತು. ಬೇರೆ ಬೇರೆ ಹೆಸರಲ್ಲಿ ಚದುರಿದ್ದ ಬರಹಗಳೆಲ್ಲ ಒಬ್ಬನೇ ವ್ಯಕ್ತಿಯವು ಎಂಬುದು ಗಟ್ಟಿಯಾಯಿತು. ಗ್ರಂಥಾಲಯ ವಿಜ್ಞಾನದವರು ಪರಿಭಾಷೆಯ ನಿಯಂತ್ರಣ ಎಂದು ಕರೆಯುವುದು ಇದನ್ನೇ. ಹಲವು ಹೆಸರುಗಳನ್ನು ಒಂದು ಶಿರೋನಾಮೆಯಡಿ ತಂದು ಕಟ್ಟಿದರೆ, ಯಾವ ಹೆಸರಿನಿಂದ ಹೊರಟರೂ ಎಲ್ಲ ಬರಹಗಳೂ ಸಿಗುತ್ತವೆ.

ವೈದ್ಯಕೀಯದಲ್ಲಿ ಈ ಕೆಲಸ ಹಳೆಯದು. ಅಮೆರಿಕದ ಸೇನಾ ವೈದ್ಯಕೀಯ ಗ್ರಂಥಾಲಯವನ್ನು ಕಟ್ಟಿದ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಸೂಚಿಯನ್ನು ಆರಂಭಿಸಿದರು. ಅದೇ ಗ್ರಂಥಾಲಯ ಮುಂದೆ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಆಯಿತು. 1960ರಲ್ಲಿ ಮೆಶ್ ಎಂಬ ವಿಷಯ ಶಿರೋನಾಮೆಗಳ ಪಟ್ಟಿ ಬಂತು. ಕಂಪ್ಯೂಟರಿನ ಕಾಲದಲ್ಲಿ ಮೆಡ್‌ಲೈನ್ ಬಂತು. 1997ರಲ್ಲಿ ಪಬ್‌ಮೆಡ್ ಎಲ್ಲರಿಗೂ ಉಚಿತವಾಗಿ ತೆರೆಯಿತು. ಇಂದು ಅದರಲ್ಲಿ 3.7 ಕೋಟಿಗೂ ಮಿಕ್ಕಿ ದಾಖಲೆಗಳಿವೆ. ಕ್ಯಾಂಪಿನಲ್ಲಿ ಕೂತವರ ಮೊಬೈಲಿಗೂ ಬೋಸ್ಟನ್ನಿನ ಪ್ರಾಧ್ಯಾಪಕರ ಕಂಪ್ಯೂಟರಿಗೂ ತೆರೆದುಕೊಳ್ಳುವುದು ಇದೇ ಪಬ್‌ಮೆಡ್. ಇದನ್ನು ನಾನು ಸಣ್ಣ ಮಾತೆಂದು ತಿಳಿದಿಲ್ಲ.

ಮೆಶ್ ಪಟ್ಟಿಯಲ್ಲಿ ‘ಲೋ ಬ್ಯಾಕ್ ಪೇನ್’ ಒಂದು ಶಿರೋನಾಮೆ. ಲೇಖಕರು ಲಂಬ್ಯಾಗೋ ಎಂದು ಬರೆದಿರಲಿ, ಲೋವರ್ ಬ್ಯಾಕ್ ಪೇನ್ ಎಂದು ಬರೆದಿರಲಿ, ಸೂಚಿಯಲ್ಲಿ ಲೇಖನ ಇದರಡಿಯೇ ಸೇರುತ್ತದೆ. ನಮ್ಮ ವೃತ್ತಿಯ ಹೆಸರಲ್ಲೂ ಇದೇ ತೊಡಕಿದೆ. ಭಾರತ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಫಿಸಿಯೋಥೆರಪಿ. ಅಮೆರಿಕದಲ್ಲಿ ಫಿಸಿಕಲ್ ಥೆರಪಿ. ಪಬ್‌ಮೆಡ್‌ನಲ್ಲಿ ಒಂದನ್ನು ಬರೆದರೆ ಇನ್ನೊಂದನ್ನೂ ಅದು ತಾನಾಗಿ ಜೋಡಿಸಿಕೊಳ್ಳುತ್ತದೆ. ಪದಗಳನ್ನು ಉದ್ಧರಣ ಚಿಹ್ನೆಯಲ್ಲಿ ಇಟ್ಟಿರೋ, ಈ ಜೋಡಣೆ ನಿಂತುಹೋಗುತ್ತದೆ. ಇದನ್ನರಿಯದೆ ಎಲ್ಲಕ್ಕೂ ಉದ್ಧರಣ ಚಿಹ್ನೆ ಹಾಕುವವರು ತಮ್ಮ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ.

ಹಲವು ಹೆಸರಿಗೆ ಒಂದೇ ವಸ್ತು ಎಂಬುದು ಒಂದು ತೊಡಕಾದರೆ, ಒಂದೇ ಹೆಸರಿಗೆ ಹಲವು ವಸ್ತು ಎಂಬುದು ಇನ್ನೊಂದು. ಅದಕ್ಕೂ ಉದಾಹರಣೆ ಆರ್.ಎಚ್. ಕ್ಯಾಂಪಿನ ಹೆಸರಲ್ಲೇ ಇದೆ. ರಿಹ್ಯಾಬಿಲಿಟೇಷನ್ ಎಂಬ ಒಂದೇ ಇಂಗ್ಲಿಷ್ ಪದವನ್ನು ಕನ್ನಡ ಎರಡು ಮಾಡಿಕೊಂಡಿದೆ: ಮನೆ ಕಳೆದುಕೊಂಡವರಿಗೆ ಪುನರ್ವಸತಿ, ಕೈಕಾಲಿನ ಬಲ ಕಳೆದುಕೊಂಡವರಿಗೆ ಪುನಶ್ಚೇತನ. ಕನ್ನಡ ಮಾಡಿದ ಈ ವಿಂಗಡಣೆಯನ್ನು ಇಂಗ್ಲಿಷಿನಲ್ಲಿ ಹುಡುಕುವವರು ತಾವೇ ಮಾಡಿಕೊಳ್ಳಬೇಕು. ಅಲ್ಟ್ರಾಸೌಂಡ್ ಪದವಂತೂ ನಮ್ಮವರನ್ನು ದಿನವೂ ದಾರಿ ತಪ್ಪಿಸುತ್ತದೆ. ಬೆನ್ನುನೋವಿನ ಜೊತೆ ಬರೀ ಅಲ್ಟ್ರಾಸೌಂಡ್ ಎಂದು ಬರೆದರೆ ಸ್ಕ್ಯಾನಿಂಗಿನ ಲೇಖನಗಳೂ ರಾಶಿ ಬೀಳುತ್ತವೆ. ಸ್ಕ್ಯಾನಿಗೆ ಅಲ್ಟ್ರಾಸೊನಾಗ್ರಫಿ, ಚಿಕಿತ್ಸೆಗೆ ಅಲ್ಟ್ರಾಸಾನಿಕ್ ಥೆರಪಿ ಎಂದು ಮೆಶ್ ಬೇರೆಬೇರೆ ಶಿರೋನಾಮೆ ಇಟ್ಟಿದೆ. ಎರಡನೆಯದನ್ನು ಹಿಡಿದರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಹಾಗೆಂದು ಶಿರೋನಾಮೆಯನ್ನೇ ನಂಬಿ ಕೂರುವಂತಿಲ್ಲ. ಹೊಸ ಲೇಖನಗಳಿಗೆ ಅದು ಅಂಟುವುದು ತಡವಾಗಬಹುದು. ಪಬ್‌ಮೆಡ್‌ನ ಎಷ್ಟೋ ದಾಖಲೆಗಳಿಗೆ ಅದು ಅಂಟುವುದೇ ಇಲ್ಲ. ಆದ್ದರಿಂದ ಶಿರೋನಾಮೆಯನ್ನೂ, ಲೇಖನದ ಶೀರ್ಷಿಕೆ ಮತ್ತು ಸಾರಾಂಶದಲ್ಲಿ ಲೇಖಕರು ಬಳಸಿರಬಹುದಾದ ಮಾತುಗಳನ್ನೂ ಒಂದು ಕಂಸದೊಳಗೆ ‘ಆರ್’ ಹಾಕಿ ಸೇರಿಸಬೇಕು. ನೋವಿಗೊಂದು ಕಂಸ, ಚಿಕಿತ್ಸೆಗೊಂದು ಕಂಸ, ನಡುವೆ ‘ಆಂಡ್’. ಕಂಸದೊಳಗೆ ಬಲೆ ಅಗಲವಾಗುತ್ತದೆ, ಕಂಸಗಳ ನಡುವೆ ಕಿರಿದಾಗುತ್ತದೆ. ಇಷ್ಟು ಕೈಗೆ ಹತ್ತಿದರೆ ಮುಕ್ಕಾಲು ಪಾಲು ಕೌಶಲ ಬಂದಂತೆ. ‘ನಾಟ್’ ಎಂಬುದನ್ನು ಮಾತ್ರ ಹೊಸಬರು ಮುಟ್ಟದಿರುವುದು ಒಳ್ಳೆಯದು. ಶಸ್ತ್ರಚಿಕಿತ್ಸೆಯ ಲೇಖನ ಬೇಡವೆಂದು ‘ನಾಟ್ ಸರ್ಜರಿ’ ಹಾಕಿದರೆ, ಇಂಥ ರೋಗಿಗೆ ಸರ್ಜರಿ ಬೇಕಾಗಲಿಲ್ಲ ಎಂದು ಬರೆದ ಲೇಖನವೂ ಹೊರಗೆ ಬೀಳುತ್ತದೆ.

ಎಷ್ಟು ಅಗಲ, ಎಷ್ಟು ಕಿರಿದು ಎಂಬುದು ಪ್ರಶ್ನೆಯ ಮೇಲೆ ನಿಂತಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಕೆಲವು ಗ್ರಾಂ ಚಿನ್ನಕ್ಕೆ ಟನ್ನುಗಟ್ಟಲೆ ಕಲ್ಲು ಪುಡಿಯಾಗುತ್ತದೆ. ಸಮಗ್ರ ವಿಮರ್ಶೆ ಬರೆಯುವ ಸಂಶೋಧಕರು ಹಾಗೆ ಎಲ್ಲ ಕಲ್ಲನ್ನೂ ಪುಡಿ ಮಾಡಲೇಬೇಕು. ಬಾಗಿಲಲ್ಲಿ ಮೂವರು ಕಾದಿರುವ ಫಿಸಿಯೋಥೆರಪಿಸ್ಟರಿಗೆ ಆ ಪುರುಸೊತ್ತಿಲ್ಲ. ಅವರು ಈಗಾಗಲೇ ಸೋಸಿಟ್ಟ ಕಡೆಗೆ ಮೊದಲು ಹೋಗಬೇಕು.

ಅಂಥ ಒಂದು ಕಡೆ ಪೆಡ್ರೊ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಫಿಸಿಯೋಥೆರಪಿಸ್ಟರೇ ಕಟ್ಟಿ 1999ರಲ್ಲಿ ತೆರೆದ, ಫಿಸಿಯೋಥೆರಪಿಗೇ ಮೀಸಲಾದ ಉಚಿತ ಡೇಟಾಬೇಸ್ ಇದು. ಯಾದೃಚ್ಛಿಕ ಪ್ರಯೋಗ, ಸಮಗ್ರ ವಿಮರ್ಶೆ, ಚಿಕಿತ್ಸಾ ಮಾರ್ಗಸೂಚಿ ಈ ಮೂರಕ್ಕೆ ಮಾತ್ರ ಅಲ್ಲಿ ಪ್ರವೇಶ. ಚಿಕಿತ್ಸೆ ಯಾವುದು, ತೊಂದರೆ ಯಾವುದು, ದೇಹದ ಭಾಗ ಯಾವುದು ಎಂದು ಪಟ್ಟಿಯಿಂದ ಆರಿಸಬಹುದು. ದುಡಿಮೆಗೆ ಸಂಬಂಧಿಸಿದ ಆರೋಗ್ಯಕ್ಕೂ ಪ್ರತ್ಯೇಕ ಉಪವಿಭಾಗವಿದೆ, ನಾಟಿಯ ಹೆಣ್ಣುಮಕ್ಕಳಿಗಾಗಿ ಹುಡುಕುವವರು ಅದನ್ನು ಮರೆಯಬಾರದು. ಪಬ್‌ಮೆಡ್‌ನಂತೆ ‘ಆಂಡ್’, ‘ಆರ್’ ಎರಡನ್ನೂ ಒಂದೇ ಹುಡುಕಾಟದಲ್ಲಿ ಬೆರೆಸಲು ಇಲ್ಲಿ ಬರುವುದಿಲ್ಲ. ಆದ್ದರಿಂದ ಕಡಿಮೆ ಪದ ಹಾಕಿ, ಎರಡು ಮೂರು ಸಲ ಬೇರೆಬೇರೆಯಾಗಿ ಹುಡುಕುವುದೇ ಸರಿ. ಪ್ರಯೋಗಗಳಿಗೆ 10ರಲ್ಲಿ ಇಷ್ಟು ಎಂದು ಅಂಕ ಕೊಟ್ಟಿರುತ್ತಾರೆ. ಆ ಅಂಕವನ್ನು ಪರೀಕ್ಷೆಯ ಮಾರ್ಕ್ಸಿನಂತೆ ಓದುವ ತಪ್ಪು ನಮ್ಮಲ್ಲಿ ಸಾಮಾನ್ಯ. ಪ್ರಯೋಗವನ್ನು ಎಷ್ಟು ಕಟ್ಟುನಿಟ್ಟಾಗಿ ನಡೆಸಿದರು ಎಂಬುದನ್ನಷ್ಟೇ ಅದು ಹೇಳುತ್ತದೆ. ಎಂಟು ಅಂಕದ ಪ್ರಯೋಗವೂ ಚಿಕಿತ್ಸೆಯಿಂದ ಏನೂ ಫಲವಿಲ್ಲವೆಂದು ತೋರಿಸಿರಬಹುದು.

ಎರಡನೆಯದು ಕಾಕ್ರೇನ್ ಲೈಬ್ರರಿ. ಒಂದು ಪ್ರಶ್ನೆಗೆ ಸಂಬಂಧಿಸಿ ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ತೂಗಿ ಬರೆದ ವಿಮರ್ಶೆಗಳು ಇಲ್ಲಿವೆ. ಪ್ರತಿ ವಿಮರ್ಶೆಯ ಸಾರಾಂಶವೂ ಸರಳ ಭಾಷೆಯ ತಿರುಳೂ ಎಲ್ಲರಿಗೂ ಉಚಿತ. ಈ ಎರಡರಲ್ಲಿ ಉತ್ತರ ಸಿಗದಿದ್ದಾಗ ಪಬ್‌ಮೆಡ್‌ನ ಕಡಲಿಗೆ ಇಳಿಯುವುದು ಕ್ಲಿನಿಕ್ಕಿನವರಿಗೆ ಒಪ್ಪುವ ಕ್ರಮ. ಗೂಗಲ್ ಸ್ಕಾಲರ್ ಬೇಗ ತೋರಿಸುತ್ತದೆ, ನಿಜ. ಆದರೆ ಯಾವ ಲೆಕ್ಕದಲ್ಲಿ ಮೇಲೆ ಕೆಳಗೆ ಮಾಡಿತು ಎಂಬುದು ನಮಗೆ ಕಾಣಿಸುವುದಿಲ್ಲ. ಪೂರ್ಣ ಲೇಖನದ ಉಚಿತ ಪ್ರತಿಯನ್ನು ಪತ್ತೆ ಹಚ್ಚಲು ಅದು ಒಳ್ಳೆಯ ಸಾಧನ. ಇತ್ತೀಚೆಗೆ ಕೃತಕ ಬುದ್ಧಿಮತ್ತೆಯನ್ನೇ ಕೇಳುವ ಅಭ್ಯಾಸ ಬಂದಿದೆ. ಪದಗಳ ಪರ್ಯಾಯ ಹುಡುಕಲು ಅದನ್ನು ಕೇಳಿ. ಆದರೆ ಅದು ಹೇಳುವ ಲೇಖನಗಳಲ್ಲಿ ಇಲ್ಲದ ಲೇಖನಗಳೂ ಇರುತ್ತವೆ. ಪ್ರತಿ ಶೀರ್ಷಿಕೆಯನ್ನೂ ಪಬ್‌ಮೆಡ್‌ನಲ್ಲಿ ಕಣ್ಣಾರೆ ಕಂಡ ಮೇಲೆಯೇ ನಂಬಬೇಕು.

ಈಗ ಬೆಂಚಿಗೆ ಮರಳೋಣ. ‘ಕರೆಂಟ್ ಇಡ್ತೀರೇನ್ರಿ?’ ಈ ಪ್ರಶ್ನೆಯನ್ನು ಹುಡುಕಬಲ್ಲ ರೂಪಕ್ಕೆ ತರಬೇಕು. ಯಾರಿಗೆ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂದು ಪ್ರಶ್ನೆಯನ್ನು ನಾಲ್ಕು ಪಾಲು ಮಾಡುವ ಪಿಕೊ ಪದ್ಧತಿ 1990ರ ದಶಕದಿಂದ ಬಳಕೆಯಲ್ಲಿದೆ. ಇಲ್ಲಿ ಯಾರಿಗೆ ಎಂಬುದರಲ್ಲಿ ಎಷ್ಟು ದಿನದಿಂದ ಎಂಬುದೂ ಸೇರಬೇಕು. ಹೋದ ವರ್ಷದಿಂದ ಇದ್ದರೆ ಅದು ದೀರ್ಘಕಾಲದ ನೋವು. ಸಂಶೋಧನೆಯಲ್ಲಿ ಅದರ ಕಪಾಟೇ ಬೇರೆ. ಫಲ ಎಂದರೆ ಏನೆಂದೂ ಮೊದಲೇ ಗೊತ್ತುಮಾಡಿಕೊಳ್ಳಬೇಕು: ನೋವು ಇಳಿಯುವುದೋ, ಬಾಗಿ ಏಳಲು ಸಾಧ್ಯವಾಗುವುದೋ, ಕೂಲಿಗೆ ಮರಳುವುದೋ?

ಇಲ್ಲೊಂದು ನೈತಿಕ ಪ್ರಶ್ನೆ ಇದೆ. ಸಾಲ ಮಾಡಿ ಕೊಂಡ ಅಲ್ಟ್ರಾಸೌಂಡ್ ಮಷೀನು ಮೇಜಿನ ಮೇಲಿರುವಾಗ ‘ಅಲ್ಟ್ರಾಸೌಂಡಿನ ಲಾಭಗಳು’ ಎಂದು ಹುಡುಕುವುದು ಸುಲಭ, ಹಾಗೆ ಹುಡುಕಿದರೆ ಲಾಭಗಳೇ ಸಿಗುವುದೂ ಸಹಜ. ಉತ್ತರವನ್ನು ಪ್ರಶ್ನೆಯೊಳಗೆ ಹೂತಿಟ್ಟು ಅಗೆದು ತೆಗೆಯುವುದು ಹುಡುಕಾಟವಲ್ಲ. ಫಲದ ಒಲವನ್ನು ಸೂಚಿಸುವ ಪದವನ್ನೇ ಬಿಟ್ಟು, ನೋವು ಮತ್ತು ಚಿಕಿತ್ಸೆ ಎರಡನ್ನೇ ಹಾಕಿ ಹುಡುಕಿದರೆ ಬೇರೆ ಚಿತ್ರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ದೀರ್ಘಕಾಲದ ಬೆನ್ನುನೋವಿನ ಮಾರ್ಗಸೂಚಿ ಅಲ್ಟ್ರಾಸೌಂಡನ್ನೂ, ಟೆನ್ಸ್ ಕರೆಂಟನ್ನೂ, ಟ್ರ್ಯಾಕ್ಷನ್ನನ್ನೂ, ಸೊಂಟದ ಬೆಲ್ಟನ್ನೂ ವಾಡಿಕೆಯ ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ. ವ್ಯಾಯಾಮ ಮತ್ತು ತಿಳಿವಳಿಕೆ ಕೊಡುವುದನ್ನು ಅದು ಎತ್ತಿಹಿಡಿಯುತ್ತದೆ. ನಮ್ಮ ಹಲವು ಕ್ಲಿನಿಕ್ಕುಗಳ ದುಡಿಮೆ ಯಾವುದರ ಮೇಲೆ ನಿಂತಿದೆಯೋ ಅದನ್ನೇ ಇದು ಪ್ರಶ್ನಿಸುತ್ತದೆ. ಅಹಿತವಾದ ಉತ್ತರವನ್ನು ಓದಿ ಕ್ಲಿನಿಕ್ಕಿನ ಕ್ರಮ ಬದಲಿಸುವ ಧೈರ್ಯವಿಲ್ಲದೆ ಹುಡುಕಾಟದ ಕೌಶಲ ಕಲಿತೂ ಫಲವಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ವ್ಯಾಯಾಮದ ಬಗ್ಗೆಯೂ ಅದೇ ಎಚ್ಚರ ಬೇಕು. ದೀರ್ಘಕಾಲದ ಬೆನ್ನುನೋವಿಗೆ ವ್ಯಾಯಾಮ ಕುರಿತ ಕಾಕ್ರೇನ್ ವಿಮರ್ಶೆ 2021ರಲ್ಲಿ ಪರಿಷ್ಕಾರಗೊಂಡಾಗ 249 ಪ್ರಯೋಗಗಳನ್ನು ತೂಗಿತು. ಏನೂ ಮಾಡದವರಿಗಿಂತ, ಮಾಮೂಲಿ ಆರೈಕೆ ಪಡೆದವರಿಗಿಂತ ವ್ಯಾಯಾಮ ಮಾಡಿದವರ ನೋವು 100ರ ಅಳತೆಯಲ್ಲಿ ಸರಾಸರಿ 15ರಷ್ಟು ಕಡಿಮೆ ಇತ್ತು. ದಿನದ ಕೆಲಸ ಮಾಡುವ ಶಕ್ತಿಯಲ್ಲಿ ಕಂಡ ಸುಧಾರಣೆ ಅದಕ್ಕಿಂತ ಸಣ್ಣದು. ಆ ಪ್ರಯೋಗಗಳು ನಡೆದ ಜಾಗಗಳನ್ನು ನೋಡಿ: ಯುರೋಪಿನಲ್ಲಿ 122, ಮಧ್ಯಪ್ರಾಚ್ಯವನ್ನು ಬಿಟ್ಟು ಏಷ್ಯಾದಲ್ಲಿ 38.

ಎರಡನೆಯ ದಾಟುವಿಕೆ ಶುರುವಾಗುವುದು ಇಲ್ಲಿಂದ. ಆ 249ರಲ್ಲಿ ಕೆಸರುಗದ್ದೆಯಲ್ಲಿ ಹಗಲಿಡೀ ಬಾಗಿದ ಹೆಣ್ಣುಮಗಳು ಎಲ್ಲಿದ್ದಾಳೆ? ಮೆಶ್‌ನಲ್ಲಿ ರೈತರಿಗೆ ಶಿರೋನಾಮೆಯಿದೆ, ಕೃಷಿ ಕಾರ್ಮಿಕರ ಕಾಯಿಲೆಗಳಿಗೂ ಇದೆ, ಭತ್ತಕ್ಕೆ ಒರೈಜಾ ಎಂಬ ಹೆಸರಿದೆ. ಇವನ್ನು ಬೆನ್ನುನೋವಿನ ಜೊತೆ ‘ಆಂಡ್’ ಹಾಕಿ ಜೋಡಿಸಿ ನೋಡಿ. ಸಾವಿರಗಟ್ಟಲೆ ಇದ್ದ ಫಲಿತಾಂಶ ಒಮ್ಮೆಗೇ ಕುಗ್ಗುತ್ತದೆ. ಉಳಿಯುವುದರಲ್ಲಿ ಬಹುಪಾಲು ಎಷ್ಟು ಜನರಿಗೆ ನೋವಿದೆ ಎಂದು ಎಣಿಸಿದ ಅಧ್ಯಯನಗಳು. ಅಂದಮಾತ್ರಕ್ಕೆ ಯುರೋಪಿನ ಪುರಾವೆ ಇಲ್ಲಿಗೆ ಸಲ್ಲದು ಎನ್ನುವುದು ದುಡುಕು. ಸ್ನಾಯು, ಮೂಳೆಗಳಿಗೆ ಗಡಿಯಿಲ್ಲ. ಆದರೆ ವಾರಕ್ಕೆ ಎರಡು ಸಲ, ಎಂಟು ವಾರ ಕ್ಲಿನಿಕ್ಕಿಗೆ ಬಂದು ವ್ಯಾಯಾಮ ಕಲಿತವರ ಫಲ, ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುವವರಿಗೆ ಹಾಗೆಯೇ ದಕ್ಕುತ್ತದೆಂದು ಹೇಳಲಾಗದು. ಲೇಖನ ಓದುವಾಗ ಫಲಿತಾಂಶದ ಕೋಷ್ಟಕಕ್ಕಿಂತ ಮೊದಲು ಭಾಗವಹಿಸಿದವರ ಕೋಷ್ಟಕ ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ. ವಯಸ್ಸು, ಕಸುಬು, ಎಷ್ಟು ಸಲ ಬಂದರು, ಎಷ್ಟು ಜನ ನಡುವೆ ಬಿಟ್ಟರು?

ನಮ್ಮವರ ಕೆಲಸ ಇಲ್ಲವೇ ಇಲ್ಲವೆಂದಲ್ಲ. ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ವರ್ಷವೂ ಪ್ರಬಂಧ ಬರೆಯುತ್ತಾರೆ. ಅವುಗಳಲ್ಲಿ ಪತ್ರಿಕೆಯ ಲೇಖನವಾಗಿ ಸೂಚಿಗೆ ಸೇರುವುದು ಕೆಲವೇ. ಉಳಿದವು ರಟ್ಟು ಹೊದ್ದು ಗ್ರಂಥಾಲಯದಲ್ಲಿ ಕೂರುತ್ತವೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ದೇಶದಲ್ಲಿ ನಡೆಯುತ್ತಿರುವ ಪ್ರಯೋಗಗಳನ್ನು ತಿಳಿಯಲು 2007ರಿಂದ ಸಿಟಿಆರ್‌ಐ ಎಂಬ ನೋಂದಣಿ ಇದೆ. ಎರಡೂ ಉಚಿತ. ನಮ್ಮ ಹುಡುಕಾಟ ಇಲ್ಲಿಗೂ ಬರಬೇಕು. ಮಾಡಿದ ಕೆಲಸವನ್ನು ಹುಡುಕಿದರೆ ಸಿಗುವಂತೆ ಮಾಡುವುದು ಕೂಡ ಸಂಶೋಧಕರ ಕರ್ತವ್ಯ: ಶೀರ್ಷಿಕೆಯಲ್ಲಿ ರೋಗದ ಸರಿಯಾದ ಹೆಸರು, ಸಾರಾಂಶದಲ್ಲಿ ಕಸುಬು ಮತ್ತು ಊರು ಇದ್ದರೆ ಮುಂದೆ ಯಾರಾದರೂ ಭತ್ತ, ಬೆನ್ನು ಎಂದು ಬರೆದಾಗ ಅದು ಮೇಲೆ ಬರುತ್ತದೆ.

ಓದಲು ದಕ್ಕುವ ಮಾತನ್ನೂ ಆಡಲೇಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲೇ ಹೆಲಿನೆಟ್ ಎಂಬ ಒಕ್ಕೂಟದ ಮೂಲಕ ತನ್ನ ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆಗಳನ್ನು ಒದಗಿಸಿತು. ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳನ್ನು ತೆರೆದಿದೆ. ಎರಡೂ ದೊಡ್ಡ ಹೆಜ್ಜೆಗಳು. ಆದರೆ ಪದವಿ ಮುಗಿಸಿ ಸಿಂಧನೂರಿನ ಬೀದಿಯಲ್ಲಿ ಬಾಡಿಗೆ ಕೋಣೆಯಲ್ಲಿ ಕ್ಲಿನಿಕ್ ಇಟ್ಟವರಿಗೆ ಕಾಲೇಜಿನ ಪಾಸ್‌ವರ್ಡ್ ಇರುವುದಿಲ್ಲ. ರೋಗಿಗೆ ಅತಿ ಹತ್ತಿರ ಇರುವವರೇ ಲೇಖನಕ್ಕೆ ಅತಿ ದೂರ ಉಳಿದಿದ್ದಾರೆ. ಕೇಂದ್ರದ ಈ ಚಂದಾದ ವ್ಯಾಪ್ತಿಗೆ ನೋಂದಾಯಿತ ಫಿಸಿಯೋಥೆರಪಿಸ್ಟರೂ, ತಾಲ್ಲೂಕು ಆಸ್ಪತ್ರೆಗಳೂ ಸೇರಬೇಕೆಂದು ನಮ್ಮ ಸಂಘಗಳು ಒತ್ತಾಯಿಸಬೇಕು. ಅಲ್ಲಿಯವರೆಗೆ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪೂರ್ಣ ಲೇಖನಗಳಿವೆ. ಆಸ್ಟ್ರೇಲಿಯಾದ ಜರ್ನಲ್ ಆಫ್ ಫಿಸಿಯೋಥೆರಪಿ ಇಡಿಯಾಗಿ ಉಚಿತ. ಲೇಖಕರಿಗೆ ಎರಡು ಸಾಲಿನ ಮಿಂಚಂಚೆ ಬರೆದರೆ ಬಹಳ ಜನ ಪ್ರತಿ ಕಳಿಸುತ್ತಾರೆ.

ಕೊನೆಗೆ ಆರ್.ಎಚ್. ಕ್ಯಾಂಪಿನವರ ಪ್ರಶ್ನೆ. ನಾಟಿಗೆ ಹೋಗಬಹುದೇ, ಬೇಡವೇ? ಎರಡು ವಾರದ ನೋವಾದ್ದರಿಂದ ಮೇಲಿನ 249 ಪ್ರಯೋಗಗಳು ಇವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಹೊಸ ಬೆನ್ನುನೋವಿಗೆ ಹಾಸಿಗೆ ಹಿಡಿಯಿರಿ ಎನ್ನುವುದೋ, ಓಡಾಡಿಕೊಂಡಿರಿ ಎನ್ನುವುದೋ ಎಂಬ ಪ್ರಶ್ನೆಯನ್ನು 2010ರ ಒಂದು ಕಾಕ್ರೇನ್ ವಿಮರ್ಶೆ ಪರಿಶೀಲಿಸಿದೆ. ಬರೀ ಬೆನ್ನುನೋವಾದರೆ ಓಡಾಡಿಕೊಂಡಿದ್ದವರಿಗೆ ಸ್ವಲ್ಪ ಹೆಚ್ಚು ಗುಣ ಕಂಡಿತು; ನೋವು ಕಾಲಿಗೆ ಇಳಿಯುವ ಸಯಾಟಿಕಾದಲ್ಲಿ ಎರಡು ಸಲಹೆಗಳ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಂದರೆ ಇಲ್ಲಿ ಇಡೀ ಉತ್ತರವನ್ನು ತಿರುಗಿಸಬಲ್ಲ ಪದ ‘ಝಿನ್‌ಝಿನ್’. ಕನ್ನಡದ ಜುಮುಜುಮು, ಜೋಮು ಎಂಬುದಕ್ಕೆ ಹತ್ತಿರವಾದ ಆ ಬಂಗಾಲಿ ಮಾತನ್ನು ‘ಏನೋ ಕಾಲುನೋವಂತೆ’ ಎಂದು ಬರೆದುಕೊಂಡಿದ್ದರೆ ಹುಡುಕಾಟ ತಪ್ಪು ಕಪಾಟಿನಲ್ಲಿ ಮುಗಿದು, ಅರೆಬರೆ ಅನ್ವಯಿಸುವ ಸಲಹೆಯನ್ನು ಪೂರ್ಣ ವಿಶ್ವಾಸದಿಂದ ಹೇಳಿ ಕಳಿಸುತ್ತಿದ್ದೆವು. ಆ ಪದ ಕೇಳಿದವರು ಮೊದಲು ಕಾಲಿನ ಬಲ, ಸ್ಪರ್ಶ ನೋಡುತ್ತಾರೆ; ಮೂತ್ರ ತಡೆಯಲಾಗದಿರುವುದು, ತೊಡೆಸಂದಿನ ಮರಗಟ್ಟುವಿಕೆ ಇದೆಯೇ ಎಂದು ಕೇಳುತ್ತಾರೆ, ಇದ್ದರೆ ಆ ಹೊತ್ತಿಗೇ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಇಲ್ಲದಿದ್ದರೆ ಸಯಾಟಿಕಾ, ರ್‍ಯಾಡಿಕ್ಯುಲೋಪತಿ ಎಂಬ ಪದಗಳನ್ನು ಕಂಸದೊಳಗೆ ಸೇರಿಸಿ ಮತ್ತೆ ಹುಡುಕುತ್ತಾರೆ.

ಇಷ್ಟೆಲ್ಲ ಆದ ಮೇಲೂ, ನಾಟಿಯ ಬಾಗಿದ ಬೆನ್ನಿಗೆ ಸಯಾಟಿಕಾ ಇದ್ದಾಗ ಎಷ್ಟು ದಿನ ಬಿಡುವು ಬೇಕೆಂದು ನೇರವಾಗಿ ಹೇಳುವ ಪ್ರಯೋಗ ಕೈಗೆ ಸಿಗದಿರಬಹುದು. ಆಗ ಆ ಹೆಣ್ಣುಮಗಳಿಗೆ ಅದನ್ನು ಹಾಗೆಯೇ ಹೇಳಬೇಕು: ಮಲಗಿಯೇ ಇರಬೇಕೆಂದಿಲ್ಲ, ಎದ್ದು ಓಡಾಡಿದರೆ ಕೇಡಿಲ್ಲ; ಬಾಗಿ ಹಚ್ಚುವ ಕೆಲಸ ಕಾಲಿನ ಝಿನ್‌ಝಿನ್ ಹೆಚ್ಚಿಸಿದರೆ ಸದ್ಯ ಸಸಿ ಕಿತ್ತು ಕಟ್ಟುವ, ಹಂಚುವ ಕೆಲಸದಲ್ಲಿ ಕೂರಲು ಸಾಧ್ಯವೇ ನೋಡಿ, ವಾರದೊಳಗೆ ಮತ್ತೆ ಬನ್ನಿ ಎಂದು. ಪಬ್‌ಮೆಡ್‌ನಲ್ಲಿ ಆ ಹುಡುಕಾಟವನ್ನು ಉಳಿಸಿಟ್ಟು ಸೂಚನೆ ಬೇಕೆಂದು ಆರಿಸಿದರೆ, ಅದಕ್ಕೆ ಹೊಂದುವ ಹೊಸ ಲೇಖನ ಬಂದಾಗ ಮಿಂಚಂಚೆ ತಾನಾಗಿ ಬರುತ್ತದೆ. ಆ ದಿನ ಗುರುತು ಹತ್ತುವಂತೆ ನೋಟ್‌ಬುಕ್ಕಿನಲ್ಲಿ ತಾರೀಖು, ಹಾಕಿದ ಪದಗಳು, ಸಿಕ್ಕ ಲೇಖನಗಳ ಸಂಖ್ಯೆ ಬರೆದಿಡಬೇಕು. ಆ ಸಾಲಿನ ಮೊದಲಲ್ಲಿ ಅವರದೇ ಮಾತು ಇರಲಿ: ಕೊಮರ್ ಬ್ಯಥಾ, ಎಡಗಾಲು, ಝಿನ್‌ಝಿನ್, ನಾಟಿಗೆ ಹೋಗ್ಲೇನ್ರಿ.